ಇಂಗ್ಲಿಷ್ ಮಾತಿನ ನಡುವೆ 'ಘಬರಾವೋ': ಎಲ್ಲಿ ಹೇಳಬಹುದು, ಎಲ್ಲಿ ಬೇಡ

ನೊಯ್ಡಾದ ಆಫೀಸಿಗೆ ಸೇರಿದ ಮೊದಲ ವಾರವೇ ಈ ಪದ ನನ್ನ ಕಿವಿಗೆ ಬಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ನಾನು ಬೆಳಗ್ಗೆ ಹಾಕಿದ ಕೋಡ್‌ನಿಂದ ಒಂದು ಪೇಜ್ ತೆರೆಯುತ್ತಲೇ ಇರಲಿಲ್ಲ. ಮೌಸ್ ಹಿಡಿದ ಕೈ ಬೆವರುತ್ತಿತ್ತು. ಪಕ್ಕದ ಸೀಟಿನ ಲಖನೌ ಹುಡುಗ ಕುರ್ಚಿ ಎಳೆದುಕೊಂಡು ಬಂದು, "ಡೋಂಟ್ ಘಬರಾವೋ ಯಾರ್, ವೀ ವಿಲ್ ರೋಲ್ ಇಟ್ ಬ್ಯಾಕ್" ಅಂದ. ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ. ಆದರೂ ಥಟ್ಟನೆ ಅರ್ಥವಾಯಿತು. ನಮ್ಮ ಗಾಬರಿ ಅಲ್ವಾ ಅದು!

ಅಲ್ಲಿಂದ ಮುಂದೆ ಆರು ವರ್ಷ ಆ ಪದವನ್ನು ನಾನೂ ದಿನಾ ಬಳಸಿದೆ. ಒಂದು ರಾತ್ರಿ ಅದನ್ನು ತಪ್ಪಾಗಿ ಇಂಗ್ಲಿಷಿಗೆ ತಂದು ದೊಡ್ಡ ಅನಾಹುತಕ್ಕೆ ದಾರಿ ಮಾಡಿಕೊಡುವುದರಲ್ಲಿದ್ದೆ. ಆ ವಿಷಯ ಮುಂದೆ ಹೇಳುತ್ತೇನೆ. ಈಗ ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಟೀಮಿಗೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ಇದನ್ನೇ ಕೇಳುತ್ತಾರೆ. ಗಾಬರಿಗೆ ಇಂಗ್ಲಿಷ್‌ನಲ್ಲಿ ಏನನ್ನಬೇಕು? ಹಿಂದಿಯವರ ಹಾಗೆ ನಡುವೆ ಘಬರಾವೋ ಸೇರಿಸಿಬಿಟ್ಟರೆ ತಪ್ಪಾ? ತಪ್ಪೇನೂ ಇಲ್ಲ. ಆದರೆ ಯಾರ ಮುಂದೆ, ಯಾವ ರೂಪದಲ್ಲಿ, ಯಾವ ಹೊತ್ತಿನಲ್ಲಿ ಅನ್ನುವುದು ಗೊತ್ತಿರಬೇಕು.

ಮೊದಲು ಪದದ ಪರಿಚಯ

ಹಿಂದಿಯಲ್ಲಿ ಮೂಲ ಕ್ರಿಯಾಪದ ಘಬರಾನಾ. ಅದರಿಂದ ಬಂದ ಹೆಸರು, ಅಂದರೆ ನಾಮಪದ, ಘಬರಾಹಟ್. ಎದುರಿಗಿರುವವರಿಗೆ ಹೇಳುವಾಗ ಸಲಿಗೆಯಲ್ಲಿ 'ಘಬರಾ ಮತ್', ಸ್ನೇಹಿತರಿಗೆ 'ಘಬರಾವೋ ಮತ್', ದೊಡ್ಡವರಿಗೆ 'ಘಬರಾಯಿಯೇ ಮತ್'. ಅಂದರೆ ಇಂಗ್ಲಿಷ್ ಮಾತಿನೊಳಗೆ ನಾವು ತೂರಿಸುವ 'ಘಬರಾವೋ' ನಡುಮಟ್ಟದ ರೂಪ, ನಮ್ಮ 'ಗಾಬರಿ ಆಗ್ಬೇಡಪ್ಪಾ' ಅನ್ನುವ ಹಾಗೆ. ಇದು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ಗಾಬರಿ, ಮರಾಠಿಯ ಘಾಬರಣೆ, ತೆಲುಗಿನ ಗಾಬರಾ ಎಲ್ಲವೂ ಇದೇ ಬಳಗದ ಪದಗಳು. ಬೆಂಗಳೂರಿನ ಶಿವಾಜಿನಗರದಲ್ಲೋ ಕಲಬುರಗಿಯಲ್ಲೋ ದಖನಿ ಮಾತಾಡುವವರು 'ಘಬರಾವ್ ನಕ್ಕೋ' ಅನ್ನುತ್ತಾರೆ. ಹುಬ್ಬಳ್ಳಿ ಕಡೆ 'ಗಾಬ್ರಿ ಆಗಬ್ಯಾಡ್ರಿ'. ಹಾಗಾಗಿ ಈ ಪದ ಕನ್ನಡದವರ ಬಾಯಿಗೆ ಸುಲಭವಾಗಿ ಹತ್ತುತ್ತದೆ. ತೊಂದರೆ ಇರುವುದೂ ಅಲ್ಲೇ. ಹತ್ತಿರದ ಪದ ಅಂತ ನಾವು ನಮ್ಮ ವ್ಯಾಕರಣವನ್ನೂ ನಮ್ಮ ಉಚ್ಚಾರವನ್ನೂ ಅದರ ಮೇಲೆ ಹೇರಿಬಿಡುತ್ತೇವೆ.

ಉಚ್ಚಾರ ಹೀಗೆ. ಕನ್ನಡದಲ್ಲಿ ಮೊದಲ ಅಕ್ಷರ ದೀರ್ಘ, ಅಲ್ಪಪ್ರಾಣ: ಗಾ. ಹಿಂದಿಯಲ್ಲಿ ಹ್ರಸ್ವ, ಮಹಾಪ್ರಾಣ: ಘ. ಒತ್ತು ಬೀಳುವುದು 'ರಾ' ಮೇಲೆ. 'ಘಬ್-ರಾ-ವೋ' ಅಂತ ಹೇಳಿ ನೋಡಿ. 'ಗಾಬ್ರಾವೋ' ಅಂದರೆ ದೆಹಲಿಯವರು ಒಂದು ಕ್ಷಣ ಮುಖ ನೋಡುತ್ತಾರೆ, ಆಮೇಲೆ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಚಾಟ್ ಮಾಡುವಾಗ ಜಿ ಆದಮೇಲೆ ಎಚ್ ಹಾಕಿ. ಕೊನೆಗೆ ಎ, ಓ. ಎಚ್ ಬಿಟ್ಟರೆ ಕೆಲವರಿಗೆ ಅದು ಯಾರದೋ ಹೆಸರಿನ ಹಾಗೆ ಕಾಣುತ್ತದೆ.

ಇನ್ನು ಅರ್ಥ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಕ್ಕರ್ ಒಮ್ಮೆಲೇ ಕೂಗಿದಾಗ ಬೆಚ್ಚಿಬೀಳುತ್ತೀರಲ್ಲ, ಅದಕ್ಕೆ ಹಿಂದಿಯವರು ಘಬರಾನಾ ಅನ್ನುವುದು ಕಡಿಮೆ. ಅದು 'ಚೌಂಕ್‌ನಾ'. ಹುಲಿ ಕಂಡರೆ ಆಗುವುದು 'ಡರ್‌ನಾ', ಹೆದರಿಕೆ. ಘಬರಾನಾ ಇವೆರಡರ ನಡುವಿನದು. ಏನು ಮಾಡಬೇಕು ಅಂತ ತೋಚದೆ ತಲೆ ಓಡದೇ ಹೋಗುವುದು, ಒಳಗೆಲ್ಲ ತಳಮಳ, ಎದೆ ಡವಡವ. ಮೆಟ್ರೋ ಗೇಟಿನಲ್ಲಿ ಕಾರ್ಡ್ ಒತ್ತಿದಿರಿ, ಕೆಂಪು ದೀಪ ಬಂತು. ಮತ್ತೆ ಒತ್ತಿದಿರಿ, ಮತ್ತೆ ಕೆಂಪು. ಹಿಂದೆ ಹತ್ತು ಜನ ನಿಂತಿದ್ದಾರೆ, ಯಾರೋ 'ಸ್ವಲ್ಪ ಪಕ್ಕಕ್ಕೆ ಬನ್ನಿ' ಅನ್ನುತ್ತಿದ್ದಾರೆ, ಪರ್ಸ್ ತೆಗೆಯಲು ಹೋದರೆ ಚಿಲ್ಲರೆ ಎಲ್ಲ ನೆಲಕ್ಕೆ ಚೆಲ್ಲಿತು. ಆ ಹೊತ್ತಿನ ನಿಮ್ಮ ಸ್ಥಿತಿ ಇದೆಯಲ್ಲ, ಅದೇ ಘಬರಾನಾ.

ವಾಕ್ಯದಲ್ಲಿ ಕೂರಿಸುವುದು ಹೇಗೆ

ಕನ್ನಡದಲ್ಲಿ ಗಾಬರಿ ಬರೀ ಹೆಸರು. ಆಗು, ಬೀಳು, ಪಡು, ಗೊಳ್ಳು ಅಂತ ಏನಾದರೂ ಸೇರಿಸಿದರೇನೇ ಅದು ನಡೆಯುವುದು. ಹಿಂದಿಯ ಘಬರಾನಾ ತಾನೇ ಕ್ರಿಯಾಪದ. ಅದಕ್ಕೇ ಇಂಗ್ಲಿಷಿನೊಳಗೆ ಅದು ಸಲೀಸಾಗಿ ಕೂರುತ್ತದೆ. 'ಡೋಂಟ್ ಘಬರಾವೋ' ಸರಿ. 'ಶೀ ವಾಸ್ ಘಬರಾವೋ-ಯಿಂಗ್' ಸರಿ. 'ಹೀ ಘಬರಾವೋಡ್ ಅಂಡ್ ಪ್ರೆಸ್ಡ್ ಡಿಲೀಟ್' ಅಂತಲೂ ಹೇಳುವವರಿದ್ದಾರೆ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ 'ಘೇರಾವ್' ನೆನಪಿಸಿಕೊಳ್ಳಿ. 1960ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಕಾರ್ಖಾನೆಗಳಲ್ಲಿ ಕಾರ್ಮಿಕರು ಮ್ಯಾನೇಜರುಗಳನ್ನು ಸುತ್ತುವರಿದು ಹೊರಬಿಡದೆ ಕೂರಿಸುತ್ತಿದ್ದ ಕಾಲದಲ್ಲಿ ಆ ಪದ ಇಂಗ್ಲಿಷ್ ಪತ್ರಿಕೆಗಳಿಗೆ ಹತ್ತಿತು. ಇವತ್ತಿಗೂ ಇಂಗ್ಲಿಷ್ ಪೇಪರಿನಲ್ಲಿ 'ಘೇರಾವೋಡ್' ಅಂತ ಇಡಿ ಸೇರಿಸಿ ಬರೆಯುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಘಬರಾವೋಗೆ ಅಷ್ಟು ಅಚ್ಚಿನ ಮರ್ಯಾದೆ ಸಿಕ್ಕಿಲ್ಲ. ಅದು ಮಾತಿನಲ್ಲೇ, ಚಾಟ್‌ನಲ್ಲೇ ಉಳಿದಿದೆ.

ನಮ್ಮವರು ಜಾಸ್ತಿ ಎಡವುವುದು ಹೆಸರಿನ ರೂಪದಲ್ಲಿ. 'ಐ ಆಮ್ ಘಬರಾಹಟ್' ಅನ್ನಬೇಡಿ. ಅದು 'ನಾನೇ ಗಾಬರಿ' ಅಂದ ಹಾಗೆ. 'ಐ ಆಮ್ ಫೀಲಿಂಗ್ ಘಬರಾಹಟ್' ಅಥವಾ 'ಐ ಆಮ್ ಗೆಟಿಂಗ್ ಘಬರಾಹಟ್' ಅನ್ನಿ. 'ಘಬರಾವೋ' ಇರುವ ಕಡೆ ಕ್ರಿಯೆ ಬೇಕು, 'ಘಬರಾಹಟ್' ಇರುವ ಕಡೆ ಹೆಸರು ಬೇಕು. ಇಷ್ಟು ಗೊತ್ತಿದ್ದರೆ ಸಾಕು.

ಇನ್ನೊಂದು ಮುಖ್ಯ ವಿಷಯ. ಘಬರಾವೋ ಅಂದರೆ ತಾನು ಗಾಬರಿಯಾಗುವುದು. ಬೇರೆಯವರನ್ನು ಗಾಬರಿಪಡಿಸುವುದಲ್ಲ. 'ದ ಮ್ಯಾನೇಜರ್ ಘಬರಾವೋಡ್ ಮೀ' ಅಂದರೆ ಎದುರಿನವರಿಗೆ ಯಾರು ಗಾಬರಿಯಾದರು ಅಂತಲೇ ತಿಳಿಯುವುದಿಲ್ಲ. ಅಲ್ಲಿ ಇಂಗ್ಲಿಷ್ ಪದವೇ ಹಾಕಿ: 'ಹೀ ರ್‍ಯಾಟಲ್ಡ್ ಮೀ' ಅಥವಾ ಸರಳವಾಗಿ 'ಹೀ ಸ್ಕೇರ್ಡ್ ಮೀ'.

ಇದನ್ನು ತಿರುಗುಮುರುಗು ಮಾಡಿದವರು

ಮಾಡಬೇಡಿ ಅಂದೆನಲ್ಲ, ಅದನ್ನೇ ನೂರೈವತ್ತು ವರ್ಷದ ಹಿಂದಿನ ಬ್ರಿಟಿಷರು ಮಾಡಿದ್ದರು. ಘಬರಾವೋ ಇಂಗ್ಲಿಷಿನೊಳಗೆ ಬಂದದ್ದು ನಮ್ಮ ಐಟಿ ಆಫೀಸುಗಳಿಂದ ಅಂತ ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ 'ಹಾಬ್ಸನ್-ಜಾಬ್ಸನ್' ನಿಘಂಟು ತೆರೆದು ನೋಡಿದೆ. ಭಾರತದಲ್ಲಿದ್ದ ಇಂಗ್ಲಿಷರು ತಮ್ಮ ಮಾತಿಗೆ ಸೇರಿಸಿಕೊಂಡ ಇಲ್ಲಿನ ಪದಗಳ ನಿಘಂಟು ಅದು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ್ದು, ಮೊದಲು ಅಚ್ಚಾದದ್ದು 1886ರಲ್ಲಿ. ಅದರಲ್ಲಿ 'ಗಬ್ರೋ' ಅನ್ನುವ ಹಾಗೆ ಓದಿಸಿಕೊಳ್ಳುವ ಒಂದು ಪದ ಇದೆ. ಸ್ಪೆಲಿಂಗ್ ಜಿ, ಯು, ಎರಡು ಬಿ, ಆರ್, ಓ, ಡಬ್ಲ್ಯೂ. ಅದು ನಮ್ಮ ಘಬರಾವೋನೇ. ಆದರೆ ಅರ್ಥ ನೋಡಿ: ಒಬ್ಬನನ್ನು ದಬಾಯಿಸುವುದು, ಬಾಯಿ ಕಟ್ಟುವ ಹಾಗೆ ಮಾಡುವುದು, ಅವನ ಮನಸ್ಸು ಕಲಕುವುದು. ಹಿಂದಿಯಲ್ಲಿ ಅದು ಹೆಚ್ಚಾಗಿ ತಾನೇ ಗಾಬರಿಯಾಗುವುದಕ್ಕೆ ಬಳಕೆ ಅನ್ನುವುದನ್ನೂ ಅವರೇ ಅಲ್ಲಿ ಬರೆದಿದ್ದಾರೆ.

ಇದೊಂದೇ ಪದ ಆಗಿದ್ದರೆ ಸುಮ್ನೆ ಬಿಡಬಹುದಿತ್ತು. ಅದೇ ನಿಘಂಟಿನಲ್ಲಿ ಇದರ ಜೊತೆಗಾರರು ಇದ್ದಾರೆ. ಪಕಡಾವೋ ಇಂದ 'ಪಕ್ಕರೋ', ಹಿಡಿ ಅಂತ, ಗೋರಾ ಸಿಪಾಯಿಗಳ ಮಾತು. ಲಗಾವೋ ಇಂದ 'ಲಗೋ', ಬನಾವೋ ಇಂದ 'ಬನೋ', ಫುಸಲಾವೋ ಇಂದ 'ಫೂಜಿಲೋ'. ಎಲ್ಲದಕ್ಕೂ ಬಾಲದಲ್ಲಿ ಆ 'ಆವೋ'. ಅಂದರೆ ಆಜ್ಞೆಯ ರೂಪ. ಒಂದು ಭಾಷೆಯ ಕ್ರಿಯಾಪದಗಳನ್ನು ಆಜ್ಞೆಯ ರೂಪದಲ್ಲೇ ಎತ್ತಿಕೊಂಡಿದ್ದಾರೆ ಅಂದರೆ, ಅವರಿಗೂ ಆ ಭಾಷೆಯವರಿಗೂ ನಡುವೆ ನಡೆಯುತ್ತಿದ್ದ ಮಾತು ಎಂಥದ್ದು ಅಂತ ಯೋಚಿಸಿ. ಅಡುಗೆಯವನಿಗೆ ಬನಾವೋ, ಕುದುರೆಯಾಳಿಗೆ ಪಕಡೋ, ದೋಣಿಯವನಿಗೆ ಲಗಾವೋ. ಹಾಗೆ ಹೇಳಿ ಹೇಳಿಯೇ ಪದ ಕಲಿತವರ ಬಾಯಲ್ಲಿ 'ನೀನು ಗಾಬರಿಯಾಗು' ಅನ್ನುವುದು 'ನಾನು ನಿನ್ನನ್ನು ಗಾಬರಿಪಡಿಸುತ್ತೇನೆ' ಅಂತ ಆದದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಇದು ನನ್ನ ಊಹೆ, ನಿಘಂಟಿನ ಮಾತಲ್ಲ.

ಬರ್ನೆಲ್ ನಮ್ಮ ಕರಾವಳಿಯಲ್ಲೂ ಇದ್ದವರು ಅನ್ನುವುದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ಮಂಗಳೂರಿನಲ್ಲಿ ಜಡ್ಜ್ ಆಗಿದ್ದರು. ದಕ್ಷಿಣ ಭಾರತದ ಹಳೆಯ ಲಿಪಿಗಳ ಮೇಲೆ ಅವರು ಬರೆದ ಪುಸ್ತಕ 1874ರಲ್ಲಿ ಅಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಯಿತು. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನೂ ಸಂಗ್ರಹಿಸಿದ್ದರು. ನಿಘಂಟು ಹೊರಬರುವ ಮೊದಲೇ, 1882ರಲ್ಲಿ, ತೀರಿಕೊಂಡರು. ಯೂಲ್ ಒಬ್ಬರೇ ಅದನ್ನು ಮುಗಿಸಿದರು.

ಇವತ್ತು ಲಖನೌ ಹುಡುಗ ನನಗೆ 'ಡೋಂಟ್ ಘಬರಾವೋ' ಅಂದಾಗ ಪದ ಮತ್ತೆ ತನ್ನ ಸ್ವಂತ ಅರ್ಥಕ್ಕೆ ಬಂದಿದೆ. ಹಳೆಯ ಅರ್ಥವನ್ನು ಈಗ ಯಾರೂ ಬಳಸುವುದಿಲ್ಲ. ನೀವೂ ಬಳಸಬೇಡಿ.

ಯಾರ ಮುಂದೆ ಹೇಳಬಹುದು

ಹಿಂದಿ, ಉರ್ದು, ಮರಾಠಿ, ತೆಲುಗು, ಕನ್ನಡ ಗೊತ್ತಿರುವ ಸ್ನೇಹಿತರ ಮುಂದೆ ಧಾರಾಳವಾಗಿ ಹೇಳಿ. 'ಡೋಂಟ್ ವರಿ' ಅನ್ನುವುದಕ್ಕಿಂತ 'ಡೋಂಟ್ ಘಬರಾವೋ' ಅನ್ನುವುದರಲ್ಲಿ ಒಂದು ಬೆಚ್ಚಗಿನ ಗುಣ ಇದೆ. ಹೆಗಲ ಮೇಲೆ ಕೈ ಇಟ್ಟ ಹಾಗೆ. ಪಾಕಿಸ್ತಾನದ ಪ್ರಧಾನಿಯಾಗಿದ್ದಾಗ ಇಮ್ರಾನ್ ಖಾನ್ ಜನರಿಗೆ 'ಘಬರಾನಾ ನಹೀ ಹೈ' ಅಂತ ಹೇಳಿದ್ದು ಎಷ್ಟು ಬಾಯಿಗೆ ಬಿತ್ತು ಅಂದರೆ, ಅಲ್ಲಿನ ಇಂಗ್ಲಿಷ್ ಬರಹಗಾರರೂ ಅದನ್ನು ಅನುವಾದ ಮಾಡದೆ ಹಾಗೇ ಬಿಟ್ಟರು. ಇಂಗ್ಲಿಷ್ ಮಾಡಿದರೆ ಆ ದನಿಯೇ ಹೋಗುತ್ತಿತ್ತು.

ದೊಡ್ಡವರಿಗೆ, ಬಾಸ್‌ಗೆ, ಕ್ಲೈಂಟ್‌ಗೆ ಬೇಡ. ಮೊದಲೇ ಹೇಳಿದೆನಲ್ಲ, ಅದು ನಡುಮಟ್ಟದ ರೂಪ. ಐವತ್ತೈದು ವರ್ಷದ ಕಾನ್ಪುರದ ಮ್ಯಾನೇಜರ್‌ಗೆ 'ಸರ್, ಡೋಂಟ್ ಘಬರಾವೋ' ಅಂದರೆ, ಹಿಂದಿ ಕಿವಿಗೆ ಅದು ನಾವು ಅಪ್ಪನ ಸ್ನೇಹಿತರಿಗೆ 'ಗಾಬರಿ ಆಗ್ಬೇಡ' ಅಂತ ಏಕವಚನದಲ್ಲಿ ಅಂದ ಹಾಗೆ. ಪೂರ್ತಿ ಹಿಂದಿಯಲ್ಲಿ 'ಘಬರಾಯಿಯೇ ಮತ್ ಸರ್' ಅನ್ನಿ. ಇಲ್ಲವೇ ಪೂರ್ತಿ ಇಂಗ್ಲಿಷ್‌ನಲ್ಲಿ 'ಪ್ಲೀಸ್ ಡೋಂಟ್ ವರಿ ಸರ್, ಇಟ್ ಈಸ್ ಅಂಡರ್ ಕಂಟ್ರೋಲ್' ಅನ್ನಿ. ತಮಿಳುನಾಡಿನವರು, ಕೇರಳದವರು, ಈಶಾನ್ಯದವರು ಇರುವ ಮೀಟಿಂಗ್‌ನಲ್ಲಿ ಒಂದಿಬ್ಬರಿಗೆ ಮಾತ್ರ ಅರ್ಥವಾಗುವ ಪದ ಎಸೆಯುವುದು ಸರಿಯಲ್ಲ. ಹಿಂದಿ ಬರದೇ ಕೂತವರ ಮುಖ ಹೇಗಿರುತ್ತದೆ ಅಂತ ನಾನು ಒಳಗಿನಿಂದ ಬಲ್ಲೆ. ಆ ಮೊದಲ ವರ್ಷ ನಾನೇ ಹಾಗೆ ಕೂತಿದ್ದೆ.

ಇಂಗ್ಲಿಷ್ ಪದವೇ ಬೇಕಾದಾಗ

ಒಂದು ಗಾಬರಿಗೆ ಇಂಗ್ಲಿಷ್‌ನಲ್ಲಿ ಒಂದೇ ಪದ ಹುಡುಕಬೇಡಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಕನ್ನಡದಲ್ಲಿ ಇದನ್ನು ಗಾಬರಿ ಬಿಟ್ಟು ಇನ್ನೇನು ಅನ್ನುತ್ತಿದ್ದೆ? ಕನ್ನಡದಲ್ಲಿ ನಮಗೆ ಎಷ್ಟೊಂದು ಪದ ಇವೆ. ಅದು ಸಿಕ್ಕಿದರೆ ಇಂಗ್ಲಿಷ್ ತಾನಾಗೇ ಸಿಗುತ್ತದೆ.

ಬೆಚ್ಚಿಬಿದ್ದೆ, ಹೌಹಾರಿದೆ, ಎದೆ ಝಲ್ ಅಂತು ಅನ್ನುವಂಥದ್ದಾದರೆ 'ಸ್ಟಾರ್ಟಲ್ಡ್'. ಅದು ಒಂದೆರಡು ಕ್ಷಣದ ವಿಷಯ. 'ದ ಕುಕ್ಕರ್ ಸ್ಟಾರ್ಟಲ್ಡ್ ಮೀ', ಅಥವಾ ಮಾತಿನಲ್ಲಿ 'ಐ ಜಂಪ್ಡ್'. ಬೆಳಗಿನಿಂದ ಸಂಜೆವರೆಗೆ ಯಾರೂ ಸ್ಟಾರ್ಟಲ್ಡ್ ಆಗಿ ಇರುವುದಿಲ್ಲ. ಗಲಿಬಿಲಿಯಾದೆ, ಕಕ್ಕಾಬಿಕ್ಕಿಯಾದೆ ಅನ್ನುವುದಕ್ಕೆ 'ಫ್ಲಸ್ಟರ್ಡ್'. ಆ ಮೆಟ್ರೋ ಗೇಟಿನ ಸ್ಥಿತಿಗೆ ಇದು ಸರಿಯಾದ ಪದ. ನಮ್ಮವರು ಈ ಪದವನ್ನು ಬಳಸುವುದೇ ಕಡಿಮೆ. ಬಳಸಿ. ಘಬರಾನಾಕ್ಕೆ ಹತ್ತಿರದ ಇಂಗ್ಲಿಷ್ ಪದ ಇದೇ ಅಂತ ನನ್ನ ಅಭಿಪ್ರಾಯ.

ಇಂಟರ್‌ವ್ಯೂಗೆ ಮುಂಚೆ ಅಳುಕು, ಹೊಟ್ಟೆಯಲ್ಲಿ ಏನೋ ಆಗುವುದು 'ನರ್ವಸ್'. ಮುಂದೆ ಬರುವ ಯಾವುದೋ ಒಂದು ಗಳಿಗೆಗೆ ಕಾಯುತ್ತಿರುವಾಗಿನ ಪದ ಇದು. ಇದರ ಜೊತೆ 'ಅಬೌಟ್' ಹಾಕಿ: 'ನರ್ವಸ್ ಅಬೌಟ್ ದ ಇಂಟರ್‌ವ್ಯೂ'. 'ನರ್ವಸ್ ಫಾರ್' ಅಂದರೆ ಬೇರೆಯವರ ಪರವಾಗಿ ಅಳುಕುವುದು. ಮಗಳು ಸ್ಟೇಜ್ ಮೇಲೆ ಹಾಡುವಾಗ ಅಮ್ಮ 'ನರ್ವಸ್ ಫಾರ್ ಹರ್'. ದಿನಗಟ್ಟಲೆ ಮನಸ್ಸು ಕೊರೆಯುತ್ತಿದ್ದರೆ 'ಆಂಕ್ಷಸ್' ಅಥವಾ 'ವರೀಡ್'. ಬುದ್ಧಿ ಕೈಕೊಟ್ಟು ಏನೋ ಮಾಡಿಬಿಟ್ಟರೆ 'ಪ್ಯಾನಿಕ್ಡ್'. ನನ್ನ ಕೋಡ್ ಕೈಕೊಟ್ಟಾಗ ಮೊದಲು ಫ್ಲಸ್ಟರ್ಡ್ ಆಗಿದ್ದೆ, ಆ ಹುಡುಗ ಬರದೇ ಹೋಗಿದ್ದರೆ ಪ್ಯಾನಿಕ್ ಆಗಿ ಇನ್ನೇನೋ ಅಳಿಸಿಹಾಕುತ್ತಿದ್ದೆ. 'ಪ್ಯಾನಿಕ್ ಅಟ್ಯಾಕ್' ಮಾತ್ರ ಸುಮ್ಮಸುಮ್ಮನೆ ಅನ್ನಬೇಡಿ. ಅದು ವೈದ್ಯರ ಪದ. ನಿಮಿಷಗಳಲ್ಲಿ ಏರಿ, ಎದೆ ಹೊಡೆದುಕೊಂಡು, ಉಸಿರು ಸಿಗದೆ, ಸತ್ತೇ ಹೋಗುತ್ತೇನೆ ಅನ್ನಿಸುವಂಥ ಸ್ಥಿತಿ ಅದು. ಅದನ್ನು ಅನುಭವಿಸಿದವರಿಗೆ ನಮ್ಮ ಹಗುರ ಬಳಕೆ ನೋವು ಮಾಡುತ್ತದೆ.

ಟೆನ್ಷನ್? ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, 'ಟೆನ್ಷನ್ ತಗೋಬೇಡ' ಅನ್ನದೆ ನಮ್ಮ ದಿನ ಕಳೆಯುವುದಿಲ್ಲ. ಆದರೆ ಲಂಡನ್ನಿನವರಿಗೋ ಟೆಕ್ಸಾಸ್‌ನವರಿಗೋ 'ದೇರ್ ಈಸ್ ಟೆನ್ಷನ್ ಇನ್ ದ ಟೀಮ್' ಅಂತ ಮೇಲ್ ಬರೆದರೆ, ಟೀಮಿನಲ್ಲಿ ಜಗಳ ನಡೆಯುತ್ತಿದೆ ಅಂತ ತಿಳಿಯುತ್ತಾರೆ. ಅಂಥ ಕಡೆ 'ದ ಟೀಮ್ ಈಸ್ ವರೀಡ್' ಅಂತಲೇ ಬರೆಯಿರಿ.

ಆಸ್ಪತ್ರೆಯಲ್ಲಿ ಮಾತ್ರ ಎಚ್ಚರ

ಈಗ ಆ ರಾತ್ರಿಯ ವಿಷಯ. ನಾನು ಬಾಡಿಗೆಗಿದ್ದ ಮನೆಯ ಆಂಟಿಗೆ ಆಗ ಅರವತ್ತೆರಡು. ಸಕ್ಕರೆ ಕಾಯಿಲೆ ಇತ್ತು. ರಾತ್ರಿ ಎರಡರ ಸುಮಾರಿಗೆ ಬಾಗಿಲು ಬಡಿದರು. ತೆರೆದರೆ ಗೋಡೆ ಹಿಡಿದು ನಿಂತಿದ್ದಾರೆ. ಜನವರಿ ಚಳಿ, ಆದರೆ ದುಪಟ್ಟಾದ ಅಂಚು ಬೆವರಿಗೆ ಒದ್ದೆಯಾಗಿ ಕುತ್ತಿಗೆಗೆ ಅಂಟಿತ್ತು. ಅಂಗೈಯನ್ನು ಗಂಟಲ ಕುಳಿಯ ಕೆಳಗೆ ಒತ್ತಿಕೊಂಡು, "ಬೇಟಾ, ಬಹುತ್ ಘಬರಾಹಟ್ ಹೋ ರಹೀ ಹೈ" ಅಂದರು. ಮಕ್ಕಳಿಬ್ಬರೂ ಬೇರೆ ಊರಿನಲ್ಲಿ. ನಾನೇ ಆಟೋ ಹಿಡಿದು ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡ್ಯೂಟಿಯಲ್ಲಿದ್ದ ಯುವ ಡಾಕ್ಟರ್ ಕೇರಳದವರು, ಹೊಸದಾಗಿ ಬಂದವರು. ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಏನಾಗಿದೆ ಅಂತ ನನ್ನನ್ನು ಇಂಗ್ಲಿಷ್‌ನಲ್ಲಿ ಕೇಳಿದರು. ನಾನು, "ಶೀ ಈಸ್ ಫೀಲಿಂಗ್ ವೆರಿ ನರ್ವಸ್, ಡಾಕ್ಟರ್" ಅಂದೆ. ಅವರು ನಾಡಿ ನೋಡಿದರು, ಮನೆಯಲ್ಲಿ ಏನಾದರೂ ಚಿಂತೆ ಇದೆಯಾ ಅಂತ ಕೇಳಿದರು, ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿದರು. ನಾವು ಕೂತೆವು. ನಲವತ್ತು ನಿಮಿಷ. ಆಂಟಿ ವಾಂತಿ ಮಾಡಿಕೊಂಡ ಮೇಲೆ, ಒಬ್ಬ ಹಿರಿಯ ನರ್ಸ್ ಬಂದು ಹಿಂದಿಯಲ್ಲಿ ನಾಲ್ಕು ಪ್ರಶ್ನೆ ಕೇಳಿದರು. ಎಲ್ಲಿ ಆಗುತ್ತಿದೆ, ಯಾವಾಗಿಂದ, ಕೈಗೆ ಹರಿಯುತ್ತಿದೆಯಾ, ಉಸಿರು ಹೇಗಿದೆ. ಉತ್ತರ ಪೂರ್ತಿ ಕೇಳುವ ಮೊದಲೇ ಇಸಿಜಿ ಮಿಷನ್ ತರಿಸಿದರು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು.

ಆಂಟಿ ಉಳಿದರು. ಆದರೆ ಆ ನಲವತ್ತು ನಿಮಿಷಕ್ಕೆ ನಾನು ಹೇಳಿದ ಒಂದು ಪದ ಕಾರಣ ಅನ್ನುವುದು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಘಬರಾಹಟ್ ಅನ್ನುವಾಗ ಹಿಂದಿಯವರು ಬರೀ ಮನಸ್ಸಿನ ಮಾತು ಹೇಳುತ್ತಿರುವುದಿಲ್ಲ. 'ದಿಲ್ ಘಬರಾ ರಹಾ ಹೈ' ಅಂದರೆ ಎದೆ ಹೊಡೆದುಕೊಳ್ಳುತ್ತಿರಬಹುದು. 'ಜೀ ಘಬರಾ ರಹಾ ಹೈ' ಅಂದರೆ ಹೊಟ್ಟೆ ತೊಳಸುತ್ತಿರಬಹುದು, ವಾಂತಿ ಬರುವ ಹಾಗಾಗಿರಬಹುದು. ನಮ್ಮ ಅಜ್ಜಿಯರೂ ಹೀಗೇ ಅಲ್ವಾ? 'ಯಾಕೋ ಒಂಥರಾ ಗಾಬರಿ ಆಗ್ತಿದೆ ಕಣೋ', 'ಜೀವಕ್ಕೆ ಹಿತ ಇಲ್ಲ' ಅನ್ನುತ್ತಾರೆ. ಎದೆ ನೋವು ಅಂತ ಬಾಯಿಬಿಟ್ಟು ಅನ್ನುವುದಿಲ್ಲ. ಪಂಜಾಬಿಗಳಲ್ಲಿ 'ದಿಲ್ ಘಿರ್ದಾ ಹೈ' ಅನ್ನುವ ಮಾತಿದೆ, ಎದೆ ಕುಸಿಯುತ್ತಿದೆ ಅಂತ. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ನೆಲೆಸಿದ ಪಂಜಾಬಿಗಳು ಆ ಮಾತನ್ನು ಹೇಗೆ ಬಳಸುತ್ತಾರೆ ಅನ್ನುವುದರ ಬಗ್ಗೆ ಮಾನವಶಾಸ್ತ್ರಜ್ಞೆ ಇಂಗಾ-ಬ್ರಿಟ್ ಕ್ರೌಸ್ 1989ರಲ್ಲಿ ಒಂದು ಲೇಖನ ಬರೆದರು. ಮೈಯದ್ದೂ ಮನಸ್ಸಿನದ್ದೂ ಒಂದೇ ಮಾತಿನಲ್ಲಿ ಕಟ್ಟಿಕೊಂಡಿರುವ ಪದಗಳು ಇವು. ಇಂಗ್ಲಿಷಿಗೆ ತರುವಾಗ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಕೈಬಿಡುತ್ತದೆ.

ಹಾಗಾಗಿ ಆಸ್ಪತ್ರೆಯಲ್ಲಿ ಯಾರ ಪರವಾಗಿಯಾದರೂ ಇಂಗ್ಲಿಷ್‌ನಲ್ಲಿ ಮಾತಾಡಬೇಕಾಗಿ ಬಂದರೆ ಹೀಗೆ ಮಾಡಿ. ಮೊದಲು ಅವರು ಹೇಳಿದ ಪದವನ್ನೇ ಹಾಗೇ ಹೇಳಿ: 'ಶೀ ಈಸ್ ಸೇಯಿಂಗ್ ಘಬರಾಹಟ್', 'ಶೀ ಈಸ್ ಸೇಯಿಂಗ್ ಗಾಬರಿ'. ಡಾಕ್ಟರಿಗೋ ಪಕ್ಕದ ನರ್ಸ್‌ಗೋ ಆ ಪದ ಗೊತ್ತಿರಬಹುದು. ಆಮೇಲೆ ನಿಮ್ಮ ಕಣ್ಣಿಗೆ ಕಂಡದ್ದನ್ನು ಹೇಳಿ. ಕೈ ಎಲ್ಲಿ ಇಟ್ಟುಕೊಂಡಿದ್ದಾರೆ, ಬೆವರಿದ್ದಾರಾ, ಉಸಿರು ಎಳೆದುಕೊಳ್ಳುತ್ತಿದ್ದಾರಾ, ಎಷ್ಟು ಹೊತ್ತಾಯಿತು. ಎದೆ ಡವಡವ ಅಂದರೆ 'ಹರ್ ಹಾರ್ಟ್ ಈಸ್ ಪೌಂಡಿಂಗ್', ಡಾಕ್ಟರುಗಳು ಅದನ್ನು ಪಾಲ್ಪಿಟೇಷನ್ ಅಂತ ಬರೆದುಕೊಳ್ಳುತ್ತಾರೆ. ಉಸಿರು ಸಿಗುತ್ತಿಲ್ಲ ಅಂದರೆ 'ಬ್ರೆತ್‌ಲೆಸ್'. ಹೊಟ್ಟೆ ತೊಳಸಿದರೆ 'ನಾಸಿಯಾ'. ಈ ಪದ ನೆನಪಾಗದಿದ್ದರೆ ಬೆರಳಿನಿಂದ ಜಾಗ ತೋರಿಸಿ, ಸಾಕು. 'ನರ್ವಸ್' ಮಾತ್ರ ನೀವಾಗಿ ಹೇಳಬೇಡಿ. ಅದು ಮನಸ್ಸಿನ ಗಾಬರಿಯೋ ಎದೆಯ ತೊಂದರೆಯೋ ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ. ನಾವು ಒಂದು ಪದ ಆರಿಸಿಕೊಂಡು ಅವರ ಪರವಾಗಿ ತೀರ್ಮಾನ ಮಾಡಿಬಿಡುತ್ತೇವೆ.

ಎದೆಯ ಮೇಲೆ ಭಾರ ಇಟ್ಟ ಹಾಗೆ ಆಗುವುದು, ನೋವು ಕೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ, ವಾಂತಿ. ಇವು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆ ನೋವು ಎದ್ದು ಕಾಣದೇ ಬರೀ ಸುಸ್ತು, ಬೆವರು, ತಳಮಳ ಅಷ್ಟೇ ಇರಬಹುದು. ಅಂಥವರು ಗಾಬರಿ ಅಂದರೆ ಪದದ ಅರ್ಥ ಹುಡುಕುತ್ತಾ ಕೂರಬೇಡಿ. ಕರ್ನಾಟಕದಲ್ಲಿ 108ಕ್ಕೆ ಫೋನ್ ಮಾಡಿ, ಬೇರೆ ರಾಜ್ಯದಲ್ಲಿದ್ದರೆ 112.

ಹೊರದೇಶದಲ್ಲಿ ಮಕ್ಕಳ ಮನೆಗೆ ಹೋಗಿರುವ ಅಪ್ಪ ಅಮ್ಮಂದಿರ ಜೊತೆ ಡಾಕ್ಟರ ಹತ್ತಿರ ಹೋಗುವವರಿಗೂ ಇದೇ ಮಾತು. ಅಲ್ಲಿ ಘಬರಾಹಟ್ ಆಗಲಿ ಗಾಬರಿ ಆಗಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಮೆರಿಕ, ಇಂಗ್ಲೆಂಡಿನ ಬಹಳ ಆಸ್ಪತ್ರೆಗಳಲ್ಲಿ ಫೋನ್ ಮೂಲಕ ದುಭಾಷಿ ಸಿಗುತ್ತಾರೆ, ಕೇಳಿ ಪಡೆಯಿರಿ. ಸಂಕೋಚ ಬೇಡ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅನ್ನುವುದಕ್ಕೂ, ನಿಮ್ಮ ಅಮ್ಮನ ಗಾಬರಿಯನ್ನು ಇಂಗ್ಲಿಷಿಗೆ ತರಲು ಬರುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. ನನಗೂ ಇಂಗ್ಲಿಷ್ ಚೆನ್ನಾಗೇ ಬರುತ್ತಿತ್ತು.

ನೊಯ್ಡಾದ ಆಂಟಿ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಹೋದ ಸಲ ಮಾತಿನ ನಡುವೆ "ಬೇಟಾ, ಸುಬಹ್ ಸೇ ಘಬರಾಹಟ್ ಹೈ" ಅಂದರು. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಎಲ್ಲಿ ಆಂಟಿ, ಎದೆಯಲ್ಲಾ, ಕೈಗೆ ಹರೀತಿದೆಯಾ, ಉಸಿರು ಹೇಗಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ಒಂದೇ ಉಸಿರಿಗೆ ಕೇಳಿದೆ. ಆ ಕಡೆಯಿಂದ ನಗು ಕೇಳಿಸಿತು. ಎದೆ, ಕೈ, ಉಸಿರು ಎಲ್ಲ ಚೆನ್ನಾಗಿದೆಯಂತೆ. ನಾಳೆ ಮೊಮ್ಮಗನ ಹತ್ತನೇ ಕ್ಲಾಸಿನ ರಿಸಲ್ಟ್.